ಹದಿನೇಳನೇ ನಂಬರಿನ ಚೀಟಿ

ಟೀಚರಿಗೆ ತಪ್ಪು ಕಾಣಿಸುತ್ತಿರಲಿಲ್ಲ. ಕಣ್ಣು ಸರಿಯಾಗಿಯೇ ಇದ್ದವು, ಅಭ್ಯಾಸ ಕೆಟ್ಟದ್ದು ಕಸುಬಿನಿಂದ. ಹದಿನಾಲ್ಕು ವರ್ಷ ಒಂದನೇ ತರಗತಿಯ ಮಕ್ಕಳ ನಡುವೆ ಕಳೆದವಳಿಗೆ ಬಾಯಿ ತೆರೆದರೆ ಹೊಗಳಿಕೆಯೇ ಬರುತ್ತಿತ್ತು. ಹಸುವಿಗೆ ಐದು ಕಾಲು ಬರೆದು ತಂದ ಮಗುವಿಗೆ, "ಎಷ್ಟು ಜೋರಾಗಿ ಓಡುತ್ತೆ ಅಲ್ವಾ ಈ ಹಸು" ಅನ್ನುವಳು. ಏಳಕ್ಕೆ ಎರಡು ಕೂಡಿಸಿ ಹತ್ತು ಅಂದ ಮಗುವಿಗೆ, "ಭೇಷ್, ಇನ್ನೇನು ಸಿಕ್ಕೇ ಬಿಟ್ಟಿತ್ತು" ಅನ್ನುವಳು. ಅಷ್ಟಕ್ಕೇ ಬಿಡುವವಳೂ ಅಲ್ಲ. ಕೋಟಿನ ಜೇಬಿನಿಂದ ಕೆಂಪು ನಕ್ಷತ್ರದ ಸ್ಟಿಕ್ಕರು ತೆಗೆದು ಪುಸ್ತಕಕ್ಕೆ ಪಟ್ ಅಂತ ಅಂಟಿಸುವಳು. ಒಂದು ದಿನ ಬಸ್ಸು ಹೊತ್ತಿಗೆ ಸರಿಯಾಗಿ ಬಂತೆಂದು ಕಂಡಕ್ಟರನ ಚೀಲಕ್ಕೂ ಒಂದು ಅಂಟಿಸಿದ್ದಳು. ಆತ ಅದನ್ನು ಕಿತ್ತು ಹಾಕಿರಲಿಲ್ಲ ಅನ್ನುವುದು ಅವಳ ಹೆಮ್ಮೆ.

ಇಂಥವಳನ್ನು ಕೂರಿಸಿಕೊಂಡು ತಪ್ಪು ಹುಡುಕು ಅಂದರೆ ಏನಾಗಬೇಕು ಹೇಳಿ. ಆದದ್ದೂ ಅದೇ.

ಶಿಕ್ಷಣ ಕಾಲೇಜಿನಲ್ಲಿ ಅವಳು ಎರಡು ವರ್ಷದಿಂದ ಭಾನುವಾರದ ತರಗತಿಗೆ ಹೋಗುತ್ತಿದ್ದಳು. ಪಾಸಾದರೆ ಹೊಸ ಟೀಚರುಗಳಿಗೆ ತರಬೇತಿ ಕೊಡುವ ಕೆಲಸ ಸಿಗುತ್ತದೆ. ಅದು ಅವಳ ಬಹಳ ದಿನದ ಆಸೆ. ಮನಶ್ಶಾಸ್ತ್ರ, ಪಾಠಕ್ರಮ, ಮಕ್ಕಳ ಬೆಳವಣಿಗೆ ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದಳು. ಉಳಿದದ್ದು ಒಂದೇ, ಸಂಶೋಧನಾ ವಿಮರ್ಶೆ. ಅಚ್ಚಾದ ಒಂದು ಸಂಶೋಧನಾ ಪ್ರಬಂಧ ತೆಗೆದುಕೊಳ್ಳಬೇಕು. ಅದು ಏನು ಹೇಳುತ್ತದೆ, ಹೇಗೆ ತಿಳಿದುಕೊಂಡು ಹೇಳುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಅಂತ ಸಭೆಯಲ್ಲಿ ನಿಂತು ವಾದಿಸಬೇಕು. ಮೂರು ಅವಕಾಶ. ಮೂರರಲ್ಲೂ ಬಿದ್ದರೆ ಎರಡು ವರ್ಷದ ಭಾನುವಾರಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಮೊದಲನೇ ಸಲ "ಲೇಖಕರ ಶ್ರಮ ಶ್ಲಾಘನೀಯ" ಅಂತ ಏಳು ಸಲ ಹೇಳಿದಳು. ಏಳು ಅನ್ನುವುದು ಗೊತ್ತಾದದ್ದು ಪ್ರೊಫೆಸರು ಎಣಿಸಿದ್ದರಿಂದ. ಪೆನ್ಸಿಲು ಕೆತ್ತುತ್ತಾ ಕೇಳುವ ಅಭ್ಯಾಸದ ಆ ಸಣಕಲು ಮನುಷ್ಯ ಎರಡನೇ ಸಲವೂ ಪೂರ್ತಿ ಕೇಳಿ, ಪೆನ್ಸಿಲು ಕೆಳಗಿಟ್ಟು, "ಇದು ವಿಮರ್ಶೆ ಅಲ್ಲ ಟೀಚರ್, ಅಭಿನಂದನಾ ಪತ್ರ. ಒಂದು ಹಾರ ತಂದಿದ್ದಿದ್ರೆ ಕಾರ್ಯಕ್ರಮ ಪೂರ್ತಿ ಆಗ್ತಿತ್ತು" ಅಂದರು. ಸಭೆ ಗೊಳ್ಳೆಂದು ನಕ್ಕಿತು. ಟೀಚರೂ ನಕ್ಕಳು. ಆಮೇಲೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಯಾರಿಗೂ ಕಾಣದಂತೆ ಮೂಗು ಒರೆಸಿಕೊಂಡಳು.

ಇನ್ನು ಅವಳ ಮನೆಯ ಸಮಾಚಾರ ಹೇಳಬೇಕು, ಯಾಕೆಂದರೆ ಕಥೆ ಇರುವುದೇ ಅಲ್ಲಿ.

ಮನೆಯಲ್ಲಿ ಮೂರು ಜನ. ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಪ್ರಪಂಚದ ಗೊಡವೆಯೇ ಬೇಡದ ಮನುಷ್ಯ. ಇನ್ನೊಬ್ಬರು ಅತ್ತೆ. ಅತ್ತೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚೆಕಿಂಗ್ ಟೇಬಲ್ಲಿನಲ್ಲಿ ನಿಂತವರು. ಹೊಲಿದು ಬಂದ ಅಂಗಿಯನ್ನು ಹಾಸಿ, ಕಾಲರಿನಿಂದ ಅಂಚಿನವರೆಗೆ ಕಣ್ಣಾಡಿಸಿ, ಎಲ್ಲಿ ಹೊಲಿಗೆ ಹಾರಿದೆಯೋ ಎಲ್ಲಿ ಕಾಜ ಸೊಟ್ಟಗಿದೆಯೋ ಅಲ್ಲಿಗೆ ಸಣ್ಣದೊಂದು ಕೆಂಪು ಬಾಣದ ಸ್ಟಿಕ್ಕರು ಹಚ್ಚುವುದು ಅವರ ಕೆಲಸ. ಬಾಣ ಮಾತ್ರ. ಏನು ತಪ್ಪು ಅಂತ ಬರೆಯುವ ಪದ್ಧತಿ ಇಲ್ಲ. ಬಾಣ ನೋಡಿ ಹೊಲಿದವಳೇ ಕಂಡುಹಿಡಿದುಕೊಳ್ಳಬೇಕು. ತಪ್ಪಿಲ್ಲದ ಅಂಗಿಯಾದರೆ, ಚೆಕರಿನ ನಂಬರು ಅಚ್ಚಾದ ಉಗುರಗಲದ ಚೀಟಿಯನ್ನು ಜೇಬಿಗೆ ಹಾಕಿ ಮುಂದೆ ಕಳಿಸುವುದು. ಅತ್ತೆಯ ನಂಬರು ಹದಿನೇಳು. ಮೂವತ್ತು ವರ್ಷದಲ್ಲಿ ಹದಿನೇಳರ ಚೀಟಿ ಇದ್ದ ಒಂದೇ ಒಂದು ಅಂಗಿಯೂ ಅಂಗಡಿಯಿಂದ ವಾಪಸು ಬಂದಿರಲಿಲ್ಲ. ಕಾರ್ಖಾನೆಯವರು ಅವರನ್ನು ಬಾಣದಮ್ಮ ಅನ್ನುತ್ತಿದ್ದರು, ಎದುರಿಗಲ್ಲ.

ನಿವೃತ್ತರಾಗುವಾಗ ಬೇರೆಯವರು ಗೋಡೆ ಗಡಿಯಾರ ತಂದರೆ, ಅತ್ತೆ ಬಾಣದ ಸ್ಟಿಕ್ಕರಿನ ಹನ್ನೆರಡು ಸುರುಳಿ ಕೇಳಿ ತಂದರು. ಆವತ್ತಿನಿಂದ ಮನೆಯಲ್ಲಿ ಬಾಣಗಳ ಕಾಲ. ಧೂಳು ಹೊಡೆಯದ ಕಿಟಕಿಗೆ ಬಾಣ. ಮುಚ್ಚಳ ಸರಿಯಾಗಿ ಕೂರದ ಡಬ್ಬಿಗೆ ಬಾಣ. ಒಮ್ಮೆ ಮಗ ಮಧ್ಯಾಹ್ನ ಮಲಗಿ ಎದ್ದಾಗ ನೆತ್ತಿಯ ಮೇಲೊಂದು ಬಾಣ ಇತ್ತು. ಕೂದಲು ಉದುರುತ್ತಿರುವುದು ಅವನಿಗೆ ಗೊತ್ತಾದದ್ದು ಹಾಗೆ.

ಟೀಚರು ಈ ಮನೆಗೆ ಬಂದು ಹದಿನೈದು ವರ್ಷ. ಸುರುಳಿಗಳು ಬರುವ ಮೊದಲು ಅತ್ತೆ ಆ ಬಾಣಗಳನ್ನು ಕಣ್ಣಿನಲ್ಲೇ ಹಚ್ಚುತ್ತಿದ್ದರು, ಅಷ್ಟೇ ವ್ಯತ್ಯಾಸ. ಕೆಟ್ಟ ಮಾತಿಲ್ಲ, ಜಗಳವಿಲ್ಲ, ಕಾಯಿಲೆ ಬಿದ್ದಾಗ ಹಾಸಿಗೆಯ ಪಕ್ಕ ಬಿಟ್ಟು ಏಳದ ಹೆಂಗಸು. ಆದರೆ "ಚೆನ್ನಾಗಿದೆ" ಅನ್ನುವ ಒಂದು ಮಾತು? ಜಪ್ಪಯ್ಯ ಅಂದರೂ ಇಲ್ಲ. ಊರಿಗೆಲ್ಲ ನಕ್ಷತ್ರ ಹಂಚುವ ಸೊಸೆಗೆ ಮನೆಯಲ್ಲಿ ಒಂದು ಅರ್ಧ ನಕ್ಷತ್ರವೂ ಸಿಕ್ಕಿರಲಿಲ್ಲ. ಅದು ಅವಳಿಗೆ ನೋವಿನ ವಿಷಯ. ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಮೂರನೇ ಅವಕಾಶಕ್ಕೆ ಪ್ರೊಫೆಸರು ಕೊಟ್ಟ ಪ್ರಬಂಧ ನೋಡಿ ಅವಳು ಕುಣಿದಾಡುವುದೊಂದು ಬಾಕಿ. ಅದು ನಕ್ಷತ್ರದ ಮೇಲಿನ ಪ್ರಬಂಧ. ಎರಡು ತರಗತಿ, ತಲಾ ಮೂವತ್ತು ಮಕ್ಕಳು. ಒಂದರಲ್ಲಿ ಪದ ಸರಿಯಾಗಿ ಓದಿದವರಿಗೆ ನಕ್ಷತ್ರ. ಇನ್ನೊಂದರಲ್ಲಿ ನಕ್ಷತ್ರವಿಲ್ಲ, ಬರೀ ತಪ್ಪು ತಿದ್ದುವುದು. ಎಂಟು ವಾರದ ಮೇಲೆ ಪರೀಕ್ಷೆ. ನಕ್ಷತ್ರದ ತರಗತಿಗೆ ಸರಾಸರಿ ಎಂಬತ್ತೆರಡು, ತಿದ್ದುವ ತರಗತಿಗೆ ಅರವತ್ತೇಳು. ಹೊಗಳಿದರೆ ಮಕ್ಕಳು ಕಲಿಯುತ್ತಾರೆ ಅನ್ನುವ ಸಿದ್ಧಾಂತ ಇದರಿಂದ ಗಟ್ಟಿಯಾಗುತ್ತದೆ ಅಂತ ಕೊನೆಯ ಮಾತು.

"ನೋಡಿದ್ರಾ?" ಅಂತ ಆ ಸಂಜೆ ಗಂಡನ ಮುಂದೆ ಹಾಳೆ ಬೀಸಿದಳು. "ನಾನು ಇಷ್ಟು ವರ್ಷ ಮಾಡಿದ್ದು ಸರಿ ಅಂತ ಅಚ್ಚಾಗಿದೆ. ಇನ್ನೊಬ್ಬರು ಮಾಡಿದ್ದು ಏನು ಅಂತಾನೂ ಅಚ್ಚಾಗಿದೆ. ಯಾರು ಅಂತ ನಾನು ಹೇಳಲ್ಲ."

ಗಂಡ ಭೂತಗನ್ನಡಿ ತೆಗೆಯಲಿಲ್ಲ. "ಸಂತೋಷ. ಆದ್ರೆ ಇದರಲ್ಲಿ ತಪ್ಪು ಹುಡುಕಿ ತೋರಿಸಬೇಕಲ್ವಾ ನೀನು?"

ಟೀಚರ ಸಂಭ್ರಮ ಗಾಳಿ ತೆಗೆದ ಟೈರಿನಂತಾಯಿತು. ಮೂರು ದಿನ ಅದನ್ನೇ ತಿರುವಿ ತಿರುವಿ ಓದಿದಳು. ತಪ್ಪು ಎಲ್ಲಿ ಹುಡುಕುವುದು? ಹುಡುಕುವ ಮನಸ್ಸೂ ಇಲ್ಲ. ಇಷ್ಟು ಮುದ್ದಾದ ಪ್ರಬಂಧ. ಮಾರ್ಜಿನಿನಲ್ಲಿ ಅವಳಿಗೇ ಗೊತ್ತಿಲ್ಲದಂತೆ ಎರಡು ನಕ್ಷತ್ರ ಬೇರೆ ಅಂಟಿಸಿಬಿಟ್ಟಿದ್ದಳು.

ನಾಲ್ಕನೇ ದಿನ ಗಂಡ ಒಂದು ಗಡಿಯಾರದ ಮುಳ್ಳು ಕೂರಿಸುತ್ತಾ ಪಿಸುದನಿಯಲ್ಲಿ ಅಂದ, "ತಪ್ಪು ಹುಡುಕೋದು ಹೇಗೆ ಅಂತ ಪುಸ್ತಕ ತಂದು ಗುಡ್ಡೆ ಹಾಕಿದ್ದೀಯಲ್ಲ. ಮೂವತ್ತು ವರ್ಷ ಅದೇ ಕೆಲಸ ಮಾಡಿ ಪಿಂಚಣಿ ತಗೊಳ್ಳೋರು ಅಡುಗೆಮನೇಲಿ ಬಟಾಣಿ ಸುಲೀತಿದ್ದಾರೆ."

ಟೀಚರು ಹುಬ್ಬು ಗಂಟಿಕ್ಕಿದಳು. ಹೋಗಿ ಹೋಗಿ ಅವರನ್ನೇ? ಆಮೇಲೆ ಬಸ್ಸಿನ ಹಿಂದಿನ ಸೀಟು ನೆನಪಾಯಿತು. ಹಾಳೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು.

"ಅತ್ತೆ, ಇದನ್ನ ಒಂದ್ಸಲ ಓದಿ ಹೇಳ್ತೀನಿ, ಕೇಳ್ತೀರಾ?"

"ಓದು. ಕಿವಿ ಸುಮ್ಮನೇ ತಾನೇ ಇದೆ." ಅತ್ತೆ ಬಟಾಣಿಯಿಂದ ಕಣ್ಣು ಎತ್ತಲಿಲ್ಲ.

ಟೀಚರು ಓದಿದಳು. ಕಷ್ಟದ ಜಾಗಗಳನ್ನು ಬಿಡಿಸಿ ಹೇಳಿದಳು. ಎಂಬತ್ತೆರಡು, ಅರವತ್ತೇಳು ಬಂದಾಗ ದನಿ ಸ್ವಲ್ಪ ಏರಿಸಿಯೇ ಓದಿದಳು. ಮುಗಿದ ಮೇಲೆ ಅತ್ತೆ ಕೈ ಒರೆಸಿಕೊಂಡರು.

"ಪರೀಕ್ಷೆಗೆ ಅಂಕ ಹಾಕಿದ್ದು ಯಾರು?"

"ಆಯಾ ತರಗತಿ ಟೀಚರೇ."

"ನಕ್ಷತ್ರ ಕೊಟ್ಟೋಳೇ ಅಂಕಾನೂ ಹಾಕಿದ್ಳು."

"ಹೌದು. ಅವರಿಗೇ ತಾನೇ ಮಕ್ಕಳ ಬಗ್ಗೆ ಚೆನ್ನಾಗಿ ಗೊತ್ತಿರೋದು."

ಅತ್ತೆ ಸೊಸೆಯ ಮುಖವನ್ನೇ ಒಂದು ಗಳಿಗೆ ನೋಡಿದರು. "ನೋಡೇ, ನಮ್ಮಲ್ಲಿ ಬಂಡಲಿನ ಮೇಲೆ ಹೊಲಿದವಳ ಹೆಸರು ಇರ್ತಿರಲಿಲ್ಲ, ನಂಬರು ಇರ್ತಿತ್ತು. ಯಾಕೆ ಗೊತ್ತಾ? ನನ್ನ ಗೆಳತಿ ಹೊಲಿದದ್ದು ಅಂತ ಗೊತ್ತಾದ್ರೆ ನನ್ನ ಕಣ್ಣು ಜಾರುತ್ತೆ. ನಾನು ಕೆಟ್ಟವಳು ಅಂತಲ್ಲ. ಕಣ್ಣು ಹಾಗೇ." ಸೊಂಟದಿಂದ ಸುರುಳಿ ತೆಗೆದು, ಆ ಸಾಲಿನ ಪಕ್ಕಕ್ಕೆ ಒಂದು ಬಾಣ ಹಚ್ಚಿದರು. ಟೀಚರಿಗೆ ಮೈ ಉರಿದುಹೋಯಿತು. ಜೊತೆಗೇ, ತರಗತಿಯಲ್ಲಿ ಕಾಲೇಜಿನವರು ನಾಲ್ಕು ವಾರ ಬಡಿದುಕೊಂಡ ಪಾಠ ಇದೇ ಅಲ್ಲವೇ ಅನ್ನುವುದೂ ಹೊಳೆಯಿತು.

"ನಕ್ಷತ್ರದ ತರಗತಿ ಯಾವುದು ಅಂತ ಆರಿಸಿದ್ದು ಯಾರು?"

"ನಾನು ಮಾಡ್ತೀನಿ ಅಂತ ಒಬ್ಬ ಟೀಚರು ಮುಂದೆ ಬಂದರಂತೆ."

"ಅಂದ್ರೆ ಹುರುಪಿರೋಳು. ಹುರುಪಿರೋಳ ತರಗತಿ ನಕ್ಷತ್ರ ಇಲ್ಲದಿದ್ರೂ ಚೆನ್ನಾಗೇ ಇರುತ್ತಲ್ಲ. ಹೊಸ ಮಷಿನ್ನು ಬಂದಾಗ ಸೂಪರ್ವೈಸರು ಅದನ್ನ ಒಳ್ಳೇ ಟೈಲರಿಗೇ ಕೊಡ್ತಿದ್ದ. ಆಮೇಲೆ ಮಷಿನ್ನು ಅದ್ಭುತ ಅಂತಿದ್ದ." ಎರಡನೇ ಬಾಣ.

ಟೀಚರು ಕುರ್ಚಿ ಎಳೆದುಕೊಂಡು ಕೂತಳು. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. "ಇನ್ನೇನು ಕೇಳ್ತೀರಾ ಅತ್ತೆ?"

"ಎಷ್ಟು ಪೀಸು ಬಂತು, ಎಷ್ಟು ಪೀಸು ಹೋಯ್ತು. ಮೊದಲು ಕೇಳಬೇಕಾದ್ದೇ ಅದು. ನೀನು ಅದನ್ನ ಓದಲೇ ಇಲ್ಲ."

"ಮೂವತ್ತು ಮೂವತ್ತು ಅಂತ ಓದಿದೆನಲ್ಲ."

"ಬಂದದ್ದು ಮೂವತ್ತು. ಪರೀಕ್ಷೆಗೆ ಕೂತದ್ದು?"

ಟೀಚರು ಹಾಳೆ ಮಗುಚಿದಳು. ಮುಂದೆ ಎಲ್ಲೂ ಇರಲಿಲ್ಲ. ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ನಾಲ್ಕನೇ ಕೋಷ್ಟಕ ಅಂತ ಒಂದಿತ್ತು. ತಿದ್ದುವ ತರಗತಿಯಿಂದ ಪರೀಕ್ಷೆಗೆ ಕೂತವರು ಇಪ್ಪತ್ತೆಂಟು. ನಕ್ಷತ್ರದ ತರಗತಿಯಿಂದ ಹತ್ತೊಂಬತ್ತು.

ಅವಳು ಇನ್ನೊಂದು ಸಲ ಓದಿದಳು. ಮೂವತ್ತರಲ್ಲಿ ಹತ್ತೊಂಬತ್ತು.

"ಹನ್ನೊಂದು ಮಕ್ಕಳು ಎಲ್ಲಿ ಹೋದರು?" ಅತ್ತೆಯ ದನಿ ಮೆತ್ತಗಿತ್ತು.

"ಬರೆದಿಲ್ಲ. ಎಂಟು ವಾರದಲ್ಲಿ ಬಿಟ್ಟರು ಅಂತ ಅಷ್ಟೇ ಇದೆ."

"ನಕ್ಷತ್ರ ಸಿಕ್ಕವರು ಬಿಟ್ಟರೋ, ಸಿಗದವರು ಬಿಟ್ಟರೋ? ರಿಜೆಕ್ಟ್ ಪೀಸನ್ನೆಲ್ಲ ಮೇಜಿನ ಕೆಳಗೆ ತಳ್ಳಿ ಉಳಿದದ್ದನ್ನ ಎಣಿಸಿದರೆ, ಯಾರು ಹೊಲಿದರೂ ಎಲ್ಲ ಒಂದನೇ ದರ್ಜೆ." ಮೂರನೇ ಬಾಣವನ್ನು ಅತ್ತೆ ಹತ್ತೊಂಬತ್ತರ ಮೇಲೆಯೇ ಹಚ್ಚಿದರು. "ಪಾಪ, ಆ ಹನ್ನೊಂದನ್ನ ಯಾರೂ ಒಂದು ಮಾತು ಕೇಳಲಿಲ್ಲ ನೋಡು."

ಟೀಚರು ಎದ್ದು ಪೆನ್ನು ತಂದು ಲೆಕ್ಕಕ್ಕೆ ಕೂತಳು. ಹತ್ತೊಂಬತ್ತು ಮಕ್ಕಳಿಗೆ ಎಂಬತ್ತೆರಡು. ಬಿಟ್ಟು ಹೋದ ಹನ್ನೊಂದು ಮಕ್ಕಳು ಪರೀಕ್ಷೆಗೆ ಕೂತು ತಲಾ ನಲವತ್ತು ತೆಗೆದಿದ್ದರು ಅಂತ ಇಟ್ಟುಕೊಂಡರೆ? ಕೂಡಿದಳು, ಮೂವತ್ತರಿಂದ ಭಾಗಿಸಿದಳು. ಅರವತ್ತಾರು ಚಿಲ್ಲರೆ. ಹತ್ತಿರ ಹತ್ತಿರ ಅರವತ್ತೇಳು. ಆಚೆ ತರಗತಿಯಷ್ಟೇ.

"ಅಯ್ಯೋ ಅತ್ತೆ," ಅಂದಳು. ಹದಿನಾಲ್ಕು ವರ್ಷ ತಾನು ಅಂಟಿಸಿದ ನಕ್ಷತ್ರಗಳೆಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಬೇಜಾರಾಗಬೇಕಿತ್ತು. ಆದರೆ ಆದದ್ದು ಬೇರೆ. ಮಕ್ಕಳು ಮೊದಲ ಸಲ ಅಕ್ಷರ ಕೂಡಿಸಿ ಪದ ಓದಿದಾಗ ಮುಖ ಹೇಗೆ ಅರಳುತ್ತದೋ, ಅವಳ ಮುಖ ಹಾಗೆ ಅರಳಿತ್ತು. ತಪ್ಪು ಕಂಡಿತ್ತು. ಅವಳ ಕಣ್ಣಿಗೇ ಕಂಡಿತ್ತು.

ಅಲ್ಲಿಂದ ಮೂರು ವಾರ ಆ ಅಡುಗೆಮನೆಯಲ್ಲಿ ನಡೆದ ಪಾಠ ಯಾವ ಕಾಲೇಜಿನಲ್ಲೂ ನಡೆದಿರಲಿಕ್ಕಿಲ್ಲ. ಸಂಜೆಯಾದರೆ ಅತ್ತೆ ಸೊಸೆ ಎದುರುಬದುರು. ಟೀಚರು ಹಳೆಯ ಪ್ರಬಂಧಗಳನ್ನೂ ತಂದು ಓದುವಳು. ಅತ್ತೆ ಬಾಣ ಹಚ್ಚುವರು. ಏನು ಅಂತ ಹೇಳುತ್ತಿರಲಿಲ್ಲ, ಪದ್ಧತಿ ಪದ್ಧತಿಯೇ. ಟೀಚರೇ ಕಂಡುಹಿಡಿಯಬೇಕು. ಇವಳು ತಪ್ಪಾಗಿ ಊಹಿಸಿದರೆ ಅತ್ತೆ ಮೂಗು ಮುರಿದು ತರಕಾರಿ ಹೆಚ್ಚುವರು. ಸರಿಯಾಗಿ ಹೇಳಿದರೆ ಸುಮ್ಮನೆ ತರಕಾರಿ ಹೆಚ್ಚುವರು. ಗಂಡ ಅಂಗಡಿಯಿಂದ ಬಂದವನು ಇಬ್ಬರ ನಡುವೆ ಸಿಕ್ಕಿ, ತನ್ನ ಚಹಾ ತಾನೇ ಮಾಡಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಕುಡಿಯುವನು. ಅವನಷ್ಟು ಸುಖಿ ಆ ದಿನಗಳಲ್ಲಿ ಯಾರೂ ಇರಲಿಲ್ಲ.

ಒಂದು ಸಂಜೆ ಟೀಚರು ಕೇಳಿದಳು, "ಅತ್ತೆ, ಬಾಣ ಹಚ್ಚಿದ ಅಂಗಿಗಳನ್ನೆಲ್ಲ ಕೊನೆಗೆ ಏನು ಮಾಡ್ತಿದ್ರು? ಎಸೀತಿದ್ರಾ?"

ಅತ್ತೆಗೆ ಇದೆಂಥ ಪೆದ್ದು ಪ್ರಶ್ನೆ ಅನ್ನಿಸಿತು. "ಎಸೆಯೋದಾ? ಆಲ್ಟರಿಗೆ ಹೋಗ್ತಿತ್ತು. ಅಷ್ಟು ಜಾಗ ಬಿಚ್ಚಿ ಮತ್ತೆ ಹೊಲೀತಿದ್ರು. ಎಸೆಯೋ ಪೀಸಿಗೆ ಯಾರಾದ್ರೂ ಬಾಣ ದಂಡ ಮಾಡ್ತಾರಾ?" ಹೀಗಂದವರು ಎದ್ದು ಹೋಗಿ ಒಲೆ ನೋಡಿದರು. ಟೀಚರು ತಲೆಯಾಡಿಸಿ, ತನ್ನ ಬರವಣಿಗೆ ಮುಂದುವರಿಸಿದಳು.

ಮೂರನೇ ಅವಕಾಶದ ಭಾನುವಾರ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅವಳ ಕೋಟು ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದ್ದರು. ವಿಮರ್ಶೆಯ ಹಾಳೆಗಳೂ ಚೀಲದಲ್ಲಿ ಸೇರಿದ್ದವು. ಅತ್ತೆ ತಾವೂ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀವೆಲ್ಲಿಗೆ ಅತ್ತೆ?"

"ಸಭೆಗೆ. ಯಾರು ಬೇಕಾದ್ರೂ ಬರಬಹುದು ಅಂತ ನೀನೇ ಹೇಳಿದ್ದೆ."

ಬೇಡ ಅನ್ನುವುದಕ್ಕೆ ಆಗಲಿಲ್ಲ. ಎದುರಿಗೆ ಪೆನ್ಸಿಲು ಕೆತ್ತುವ ಪ್ರೊಫೆಸರು, ಹಿಂದೆ ಹದಿನೇಳನೇ ನಂಬರು. ಅಡಕತ್ತರಿಯಲ್ಲಿ ಸಿಕ್ಕಿಕೊಂಡೆನಲ್ಲ ಅಂದುಕೊಂಡಳು.

ಸಭೆಯ ಕೋಣೆ ತುಂಬಿತ್ತು. ಅಭಿನಂದನಾ ಪತ್ರದ ಟೀಚರಿಗೆ ಇದು ಕೊನೆಯ ಅವಕಾಶ ಅಂತ ಎಲ್ಲರಿಗೂ ಗೊತ್ತಿತ್ತು. ಅತ್ತೆ ಹೋಗಿ ಕೊನೆಯ ಸಾಲಿನಲ್ಲಿ ಕಿಟಕಿ ಪಕ್ಕ ಕೂತರು.

ಟೀಚರು ಶುರುಮಾಡಿದಳು. ಮೊದಲ ಎರಡು ನಿಮಿಷ ನಾಲಿಗೆ ತಡವರಿಸಿತು, ಆಮೇಲೆ ಹಿಡಿತಕ್ಕೆ ಬಂತು. ಅಂಕ ಹಾಕಿದವರಿಗೆ ಯಾವ ಮಗು ಯಾವ ಗುಂಪು ಅಂತ ಗೊತ್ತಿರಬಾರದು, ಇಲ್ಲಿ ಗೊತ್ತಿತ್ತು. ಗುಂಪುಗಳನ್ನು ಚೀಟಿ ಎತ್ತಿ ಹಂಚಬೇಕಿತ್ತು, ಇಲ್ಲಿ ಹುರುಪಿದ್ದ ಟೀಚರಿಗೆ ಹೋಯಿತು. ಒಂದೊಂದೇ ಬಿಡಿಸಿಟ್ಟಳು. ನಾಲ್ಕನೇ ಕೋಷ್ಟಕದ ಹತ್ತೊಂಬತ್ತನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಾಗ ಕೋಣೆಯಲ್ಲಿ ಪಿಸುಪಿಸು ಎದ್ದಿತು. ಪ್ರೊಫೆಸರು ಪೆನ್ಸಿಲು ಕೆತ್ತುವುದನ್ನು ನಿಲ್ಲಿಸಿದ್ದರು.

ತನ್ನ ಲೆಕ್ಕವನ್ನೂ ತೋರಿಸಿ, ಕೊನೆಯ ಹಾಳೆ ತಿರುವಿದಳು. ಅಲ್ಲಿ ಅವಳು ಹಿಂದಿನ ದಿನ ಬಹಳ ಹುಮ್ಮಸ್ಸಿನಿಂದ ಬರೆದ ವಾಕ್ಯ ಇತ್ತು: "ಆದ್ದರಿಂದ ನಕ್ಷತ್ರಗಳಿಂದ ಮಕ್ಕಳಿಗೆ ಯಾವ ಪ್ರಯೋಜನವೂ ಇಲ್ಲವೆಂದು ಸಿದ್ಧವಾಗುತ್ತದೆ."

ವಾಕ್ಯದ ಕೊನೆಯಲ್ಲಿ ಒಂದು ಕೆಂಪು ಬಾಣ.

ಹಾಳೆ ಚೀಲಕ್ಕೆ ಹಾಕುವಾಗ ಹಚ್ಚಿದ್ದಾರೆ. ಟೀಚರು ನೀರಿನ ಲೋಟ ಎತ್ತಿಕೊಂಡಳು. ಏನು ತಪ್ಪು? ಕೊನೆಯ ಸಾಲಿನ ಕಡೆ ನೋಡಿದಳು. ಅತ್ತೆ ಕಿಟಕಿಯ ಪರದೆಯ ಹೊಲಿಗೆಯನ್ನು ಬೆರಳಿನಲ್ಲಿ ಹಿಡಿದು ಪರೀಕ್ಷಿಸುತ್ತಿದ್ದರು. ಅವರು ಹೇಳುವವರಲ್ಲ.

ಅವಳು ವಾಕ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿದಳು. ಸಿದ್ಧವಾಗುತ್ತದೆ. ಎಲ್ಲಿಂದ ಸಿದ್ಧವಾಯಿತು? ಹನ್ನೊಂದು ಮಕ್ಕಳಿಗೆ ನಲವತ್ತು ಅಂಕ ಕೊಟ್ಟವರು ಯಾರು? ನಾನು. ಆ ಮಕ್ಕಳನ್ನು ನಾನು ನೋಡಿದ್ದೇನೆಯೇ? ಮನೆ ಬದಲಾಯಿಸಿ ಹೋಗಿದ್ದರೋ, ಜ್ವರ ಬಂದಿತ್ತೋ, ನಕ್ಷತ್ರ ಸಿಗದೆ ಬೇಸತ್ತಿದ್ದರೋ, ನನಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ. ಅವರು ಎಂಬತ್ತೆರಡನ್ನು ಹಿಡಿದು ಕುಣಿದ ಹಾಗೆಯೇ ನಾನು ನನ್ನ ನಲವತ್ತನ್ನು ಹಿಡಿದು ಕುಣಿಯುತ್ತಿದ್ದೇನೆ.

ಟೀಚರು ಮೇಜಿನ ಮೇಲಿದ್ದ ಪೆನ್ನು ತೆಗೆದು ಎಲ್ಲರ ಎದುರಿಗೇ ಆ ವಾಕ್ಯಕ್ಕೆ ಅಡ್ಡಗೆರೆ ಎಳೆದಳು.

"ಇಲ್ಲೊಂದು ವಾಕ್ಯ ಇತ್ತು, ಹೊಡೆದು ಹಾಕಿದೆ," ಅಂದಳು. "ನಕ್ಷತ್ರದಿಂದ ಪ್ರಯೋಜನ ಇಲ್ಲ ಅಂತ ಬರೆದಿದ್ದೆ. ಅದನ್ನ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲ. ನಲವತ್ತು ಅನ್ನೋದು ನನ್ನ ಊಹೆ. ಈ ಪ್ರಬಂಧದಿಂದ ಗೊತ್ತಾಗೋದು ಇಷ್ಟೇ: ಉಳಿದ ಹತ್ತೊಂಬತ್ತು ಮಕ್ಕಳು ಚೆನ್ನಾಗಿ ಓದಿದರು. ಅದು ನಕ್ಷತ್ರದಿಂದಲೋ, ಟೀಚರ ಹುರುಪಿನಿಂದಲೋ ಹೇಳೋಕಾಗಲ್ಲ. ಹನ್ನೊಂದು ಮಕ್ಕಳ ವಿಷಯ ಯಾರಿಗೂ ಗೊತ್ತಿಲ್ಲ."

ಪ್ರೊಫೆಸರು ಮುಂದಕ್ಕೆ ಬಾಗಿದರು.

"ಇಷ್ಟೆಲ್ಲ ತಪ್ಪು ತೋರಿಸಿದ್ರಿ. ಹಾಗಾದರೆ ಈ ಪ್ರಬಂಧಾನ ಕಸದ ಬುಟ್ಟಿಗೆ ಹಾಕೋಣವಾ ಟೀಚರ್?"

"ಬೇಡ ಸರ್." ಉತ್ತರ ಯೋಚನೆಗೂ ಮೊದಲೇ ಬಂತು. "ಆ ಹತ್ತೊಂಬತ್ತನ್ನ ಬರೆದವರು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅದಿಲ್ಲದೆ ನಾವು ಯಾರೂ ಇದನ್ನ ಕಂಡುಹಿಡಿಯೋಕೆ ಆಗ್ತಿರಲಿಲ್ಲ. ಇದನ್ನ ಆಲ್ಟರಿಗೆ ಕಳಿಸೋಣ. ಅಂದ್ರೆ, ತಪ್ಪಿರೋ ಅಷ್ಟು ಜಾಗ ಬಿಚ್ಚಿ ಮತ್ತೆ ಹೊಲಿಯೋಣ. ಚೀಟಿ ಎತ್ತಿ ಗುಂಪು ಮಾಡೋಣ, ಅಂಕ ಹಾಕೋಕೆ ಹೊರಗಿನವರನ್ನ ಕರೆಯೋಣ, ಬಿಟ್ಟು ಹೋದ ಪ್ರತಿ ಮಗುವಿನ ಮನೆಗೂ ಹೋಗಿ ಯಾಕೆ ಅಂತ ಕೇಳೋಣ. ನಾವು ಬಾಣ ಹಚ್ಚೋದು ಅದಕ್ಕೇ ಸರ್. ಎಸೆಯೋ ಪೀಸಿಗೆ ಯಾರೂ ಬಾಣ ದಂಡ ಮಾಡಲ್ಲ."

ಹಾಗೆಂದವಳು ಅಲ್ಲಿಯೇ ನಿಂತುಬಿಟ್ಟಳು.

ಕಿಟಕಿಗೆ ಬಾಣ, ಡಬ್ಬಿಗೆ ಬಾಣ, ಅವಳು ಮಡಚಿಟ್ಟ ಬಟ್ಟೆಗೆ ಬಾಣ, ಅವಳು ಬರೆದ ಪತ್ರಕ್ಕೆ ಬಾಣ. ಹದಿನೈದು ವರ್ಷ. ಒಂದೇ ಒಂದು ದಿನ ತಪ್ಪದೆ. ಆ ಅಡುಗೆಮನೆಯ ಮಾತು ಅಂಗಿಯ ಬಗ್ಗೆ ಅಂತಲೇ ಅವಳು ತಿಳಿದಿದ್ದಳು. ಕೊನೆಯ ಸಾಲಿನಲ್ಲಿ ಅತ್ತೆ ಪರದೆ ಬಿಟ್ಟು ಈಗ ಅವಳನ್ನೇ ನೋಡುತ್ತಿದ್ದರು. ಟೀಚರಿಗೆ ಕಣ್ಣು ತುಂಬಿ ಬಂತು. ನಗುವೂ ಬಂತು. ಎರಡನ್ನೂ ತಡೆಯಲಾರದೆ ಇನ್ನೊಂದು ಲೋಟ ನೀರು ಕುಡಿದಳು.

ಪ್ರೊಫೆಸರು ಎದ್ದರು. "ಮೂವತ್ತು ವರ್ಷದಿಂದ ಇಲ್ಲಿ ಕೂತು ಕೇಳ್ತಿದ್ದೀನಿ. ಹೊಗಳೋರನ್ನ ನೋಡಿದ್ದೀನಿ, ಸಿಗಿದು ಹಾಕೋರನ್ನ ನೋಡಿದ್ದೀನಿ. ತಾನು ಬರೆದದ್ದನ್ನ ನನ್ನ ಎದುರಿಗೇ ಹೊಡೆದು ಹಾಕಿದವರನ್ನ ಮಾತ್ರ ಇವತ್ತು ನೋಡಿದೆ. ಪಾಸು. ಆ ಬಾಣದ ವಿಷಯ ಯಾವ ಪುಸ್ತಕದ್ದು ಟೀಚರ್? ಗ್ರಂಥಸೂಚಿಯಲ್ಲಿ ಕಾಣಲಿಲ್ಲ."

"ಪುಸ್ತಕದ್ದಲ್ಲ ಸರ್. ನಮ್ಮ ಅತ್ತೆದು. ಕೊನೇ ಸಾಲಿನಲ್ಲಿದ್ದಾರೆ."

ಇಡೀ ಸಭೆ ಹಿಂದಕ್ಕೆ ತಿರುಗಿತು. ಯಾರೋ ಚಪ್ಪಾಳೆ ಹೊಡೆದರು, ಉಳಿದವರು ಸೇರಿಕೊಂಡರು. ಅತ್ತೆ ಎದ್ದು ನಿಂತು, ಸದ್ದು ನಿಲ್ಲುವವರೆಗೆ ಕಾದು, ಪ್ರೊಫೆಸರಿಗೆ ಹೇಳಿದರು, "ಈ ಪರದೆ ಹೊಲಿಗೆ ಮೂರು ಕಡೆ ಬಿಟ್ಟಿದೆ. ಬಾಣ ಹಚ್ಚಿದ್ದೀನಿ." ಕೋಣೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅತ್ತೆಗೆ ಮಾತ್ರ ಅದರಲ್ಲಿ ನಗುವಂಥದ್ದೇನಿದೆ ಅಂತ ಅರ್ಥವಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಈ ಸಲ ಮುಂದಿನ ಸೀಟು. ಟೀಚರು ಸ್ವಲ್ಪ ಹೊತ್ತು ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ಹೇಗಿತ್ತು ಅತ್ತೆ?"

"ಶುರುವಿನಲ್ಲಿ ಬಹಳ ಬೇಗ ಬೇಗ ಮಾತಾಡಿದೆ. ಬೋರ್ಡಿನ ಮೇಲೆ ಬರೆದ ಹತ್ತೊಂಬತ್ತು ಸೊಟ್ಟಗಿತ್ತು. ನೀರು ಕುಡಿಯುವಾಗ ಗಟಗಟ ಅಂದದ್ದು ಮೈಕಿನಲ್ಲಿ ಕೇಳಿಸ್ತು."

"ಹೌದಾ?" ಟೀಚರು ನಕ್ಕುಬಿಟ್ಟಳು. ಹದಿನೈದು ವರ್ಷದಲ್ಲಿ ಮೊದಲ ಸಲ ಈ ಮಾತುಗಳು ಕಿವಿಗೆ ಹಿತವಾಗಿದ್ದವು. "ಇನ್ನೇನಾದ್ರೂ ಇದ್ದರೆ ಹೇಳಿ."

"ನೆನಪಾದರೆ ಹೇಳ್ತೀನಿ."

ಕಂಡಕ್ಟರು ಬಂದ. ಟೀಚರು ಪಾಸು ತೆಗೆಯಲು ಕೋಟಿನ ಜೇಬಿಗೆ ಕೈ ಹಾಕಿದಳು. ಪಾಸಿನ ಜೊತೆ ಉಗುರಗಲದ ಒಂದು ಕಾಗದದ ಚೂರು ಬೆರಳಿಗೆ ಸಿಕ್ಕಿತು. ಹಳದಿಗಟ್ಟಿದ ಸಣ್ಣ ಚೀಟಿ. ಮೇಲೆ ಅಚ್ಚಿನಲ್ಲಿ ಎರಡೇ ಅಂಕಿ. ಹದಿನೇಳು.

ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಕಂಡಕ್ಟರು ಪಾಸು ನೋಡಿ ಮುಂದೆ ಹೋದದ್ದೂ ತಿಳಿಯಲಿಲ್ಲ.

"ಇದನ್ನ ಯಾವಾಗ ಹಾಕಿದ್ರಿ ಅತ್ತೆ?"

ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದರು. "ಬೆಳಿಗ್ಗೆ, ಇಸ್ತ್ರಿ ಮಾಡುವಾಗ."

"ಬೆಳಿಗ್ಗೆನಾ? ಪಾಸಾಗೋ ಮೊದಲೇ? ಹಾಳೆಗೆ ಬಾಣ ಹಚ್ಚಿದ್ರಲ್ಲ ಮತ್ತೆ?"

"ಬಾಣ ಹಾಳೆಗೆ."

ಟೀಚರು ಅತ್ತೆಯ ಭುಜಕ್ಕೆ ತಲೆ ಒರಗಿಸಿದಳು. ಅತ್ತೆ ಸರಿದು ಕೂರಲಿಲ್ಲ. ಎರಡು ಸ್ಟಾಪು ದಾಟಿದ ಮೇಲೆ ಟೀಚರು ಕಣ್ಣೊರೆಸಿಕೊಂಡು, ಚೀಟಿಯನ್ನು ಪರ್ಸಿನೊಳಗೆ ಜೋಪಾನ ಮಾಡಲು ಹೊರಟಳು.

"ಮಡಚಬೇಡ," ಅಂದರು ಅತ್ತೆ. "ಗೆರೆ ಬೀಳುತ್ತೆ."